ತಿರುಗಿ ಬರಬೇಕಾದ ಕೂಗು
(ನಮ್ಮ ಸಂಘದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



‘ಆರೋಗ್ಯ ಮತ್ತು ಸುದ್ದಿ ಮುಟ್ಟಿಸುವ ಸಾಧನಗಳು’ ಎಂದು ಕಾರ್ಯದರ್ಶಿಗಳು ವಿಷಯ ಕೊಟ್ಟಿದ್ದಾರೆ. ಹೆಸರು ದೊಡ್ಡದು. ಅದನ್ನು ಒಂದೇ ಕಾಯಿಲೆಗೆ ಕಟ್ಟಿ ಮಾತಾಡುತ್ತೇನೆ. ಕ್ಷಯರೋಗ, ಅಂದರೆ ಟಿ.ಬಿ. ಹೋಟೆಲುಗಳ ಮಾಳಿಗೆಯಲ್ಲಿ ಅದು ನಮ್ಮ ಜೊತೆಯಲ್ಲೇ ಮಲಗುತ್ತದೆ. ಆದರೆ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.

ಮೊದಲು ನಮ್ಮ ಕಸುಬಿನ ಒಂದು ಮಾತು. ಸಪ್ಲಾಯರ್ ಹುಡುಗ ‘ಎರಡು ಮಸಾಲೆ, ಒಂದು ಸಾದಾ’ ಎಂದು ಒಳಕ್ಕೆ ಕೂಗುತ್ತಾನೆ. ದೋಸೆಕಲ್ಲಿನ ಮುಂದೆ ನಿಂತ ಭಟ್ಟರು ಅದನ್ನೇ ತಿರುಗಿ ಕೂಗುತ್ತಾರೆ. ತಿರುಗಿ ಕೂಗು ಬಾರದಿದ್ದರೆ ಹುಡುಗ ಅಲ್ಲಿಂದ ಕದಲುವುದಿಲ್ಲ, ಮತ್ತೊಮ್ಮೆ ಕೂಗುತ್ತಾನೆ. ಈಗ ದೊಡ್ಡ ಹೋಟೆಲುಗಳಲ್ಲಿ ಯಂತ್ರದಿಂದ ಚೀಟಿ ಬರುತ್ತದೆ, ಸರಿ. ಚೀಟಿಯನ್ನು ಯಾರೂ ಹರಿದುಕೊಳ್ಳದಿದ್ದರೆ ಅಲ್ಲಿಯೂ ಗಿರಾಕಿ ಕಾಯುತ್ತ ಕೂರಬೇಕಾದದ್ದೇ. ಗಿರಣಿಯ ಹಿರಿಯರನ್ನು ಕೇಳಿರಿ. ಸಾಂಚೆಗಳ ಸದ್ದಿನಲ್ಲಿ ಬಾಯಿಮಾತು ಕೇಳಿಸದೆ ಅವರು ಕೈಸನ್ನೆಯಿಂದ, ತುಟಿಯ ಚಲನೆಯಿಂದ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿಯೂ ಎದುರಿನವನು ತಲೆಯಾಡಿಸಿದ ಮೇಲೆಯೇ ಮಾತು ಮುಗಿದಂತೆ.

ಆರೋಗ್ಯದ ವಿಷಯ ಬಂದಾಗ ಮಾತ್ರ ಎಲ್ಲವೂ ಒಂದೇ ಕಡೆಯ ಕೂಗು. ಗೋಡೆಯ ಮೇಲೆ ಚಿತ್ರ ಹಚ್ಚುತ್ತಾರೆ, ರೇಡಿಯೋದಲ್ಲಿ ಹೇಳುತ್ತಾರೆ, ಫೋನು ಮಾಡಿದರೆ ಕರೆ ಸೇರುವ ಮುನ್ನ ಒಂದು ಧ್ವನಿ ಉಪದೇಶ ಮಾಡಿದ ಕಾಲವನ್ನೂ ನಾವು ಕಂಡಿದ್ದೇವೆ. ಕೇಳಿಸಿಕೊಂಡವನಿಗೆ ಏನು ಭಯ, ಏನು ಅಡ್ಡಿ ಎಂದು ಕೇಳುವ ಕಿವಿ ಮಾತ್ರ ಇಲ್ಲ.

ಈ ಊರಿನಲ್ಲಿ ಇದು ಹೊಸತಲ್ಲ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿತು. ಅಧಿಕಾರಿಗಳು ಮನೆ ಹೊಕ್ಕು ರೋಗಿಗಳನ್ನು ಎತ್ತಿ ಆಸ್ಪತ್ರೆಗೆ ಸಾಗಿಸುವ ಅಧಿಕಾರ ಪಡೆದರು. ಯಾಕೆ, ಎಲ್ಲಿಗೆ, ಮನೆಯವರು ಬಂದು ನೋಡಬಹುದೆ, ಇದನ್ನೆಲ್ಲ ಚಾಳಿನ ಜನಕ್ಕೆ ಅವರ ಮಾತಿನಲ್ಲಿ ಕೂತು ಹೇಳಿದವರಿಲ್ಲ. ಹೇಳದೆ ಬಿಟ್ಟ ಜಾಗವನ್ನು ಗಾಳಿಸುದ್ದಿ ತುಂಬಿತು: ಆಸ್ಪತ್ರೆಗೆ ಹೋದವನು ಜೀವಸಹಿತ ಹೊರಗೆ ಬರುವುದಿಲ್ಲವೆಂದು. ಅಕ್ಟೋಬರ್ 29ರಂದು ಸುಮಾರು ಸಾವಿರ ಮಂದಿ ಗಿರಣಿ ಕೆಲಸಗಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ನುಗ್ಗಿದರು. ಇಂದು ಅದನ್ನೇ ಕಸ್ತೂರ್ಬಾ ಆಸ್ಪತ್ರೆ ಎನ್ನುತ್ತೇವೆ. ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. ಓಡಿದವರ ಜೊತೆಗೆ ಪ್ಲೇಗೂ ಓಡಿತು. ಆ ಗಿರಣಿಯವರು ಅಜ್ಞಾನಿಗಳೆಂದು ಪುಸ್ತಕ ಬರೆದವರುಂಟು. ನಾನು ಹಾಗೆ ಹೇಳಲಾರೆ. ಬಾಗಿಲು ಒಡೆದು ಬಂದವನ ಮಾತನ್ನು ಯಾರು ತಾನೆ ನಂಬುತ್ತಾರೆ?

ಇನ್ನು ನಮ್ಮ ನಾಡಿನದೇ ಒಂದು ವಿಷಯ. ಇದನ್ನು ನೀವೆಲ್ಲರೂ ತಿಳಿಯಬೇಕೆಂದು ನನ್ನ ಆಸೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನಕ್ಕೆ ಕ್ಷಯದ ತಿಳಿವಳಿಕೆ ಇಲ್ಲ, ಅವರು ಮಂತ್ರ ತಂತ್ರಕ್ಕೆ ಹೋಗುತ್ತಾರೆ, ಆದ್ದರಿಂದ ಮೊದಲು ಪ್ರಚಾರ ನಡೆಯಬೇಕು ಎಂಬುದೇ ಆಗ ದೊಡ್ಡವರ ನಂಬಿಕೆ. ಸಂಸ್ಥೆಯ ಡಾ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ಅದನ್ನು ಸುಮ್ಮನೆ ಒಪ್ಪಲಿಲ್ಲ. ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರ ಬಳಿಗೆ ಹೋಗಿ ಕೇಳಿಸಿದರು: ನಿಮಗೆ ಏನಾಗುತ್ತಿದೆ, ನೀವು ಏನು ಮಾಡಿದಿರಿ ಎಂದು. 1963ರಲ್ಲಿ ಅದರ ವರದಿ ಅಚ್ಚಾಯಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧದಷ್ಟು ಮಂದಿ ಆಗಲೇ ದವಾಖಾನೆಗೆ ಹೋಗಿ ಬಂದಿದ್ದರು! ದವಾಖಾನೆಯಲ್ಲಿ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳುಹಿಸಿದ್ದರು.

ಅಂದರೆ ರೋಗಿ ಕೂಗಿದ್ದ, ಒಳಗಿನಿಂದ ತಿರುಗಿ ಕೂಗು ಬಂದಿರಲಿಲ್ಲ. ಆ ಮೇಲೆಯೇ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಕೆಮ್ಮು ಎಂದು ಬಂದವನ ಕಫವನ್ನು ಸಾಮಾನ್ಯ ದವಾಖಾನೆಯಲ್ಲೇ ಪರೀಕ್ಷಿಸಬೇಕೆಂಬ ಪದ್ಧತಿ ಬಂತು. ತುಮಕೂರಿನ ಬಡವರು ಬಾಯಿಬಿಟ್ಟು ಹೇಳಿದ್ದರಿಂದ ದೇಶದ ಪದ್ಧತಿಗೆ ದಾರಿ ಕಂಡಿತು. ಇದನ್ನು ಪ್ರಚಾರ ಎನ್ನುವುದಿಲ್ಲ, ಆದರೆ ಎಲ್ಲ ಪ್ರಚಾರಕ್ಕಿಂತ ಮೊದಲು ಆಗಬೇಕಾದ ಕೆಲಸ ಇದೇ.

ಈಗ ಹೋಟೆಲಿಗೆ ಬರೋಣ. ನಾನು ಕೆಲಸಕ್ಕಿದ್ದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಹುಡುಗನೊಬ್ಬನಿಗೆ ತಿಂಗಳುಗಟ್ಟಲೆ ಕೆಮ್ಮು. ಗಲ್ಲಾದ ಬಳಿ ಹೋದಾಗ ಬಾಯಿಗೆ ಟವಲು ಒತ್ತಿ ತಡೆಯುತ್ತಿದ್ದ. ಮಾಳಿಗೆಯಲ್ಲಿ ಹತ್ತು ಮಂದಿ ಸಾಲಾಗಿ ಮಲಗುವ ಜಾಗ. ಇದ್ದ ಒಂದು ಕಿಟಕಿಗೆ ತಗಡು ಹೊಡೆದಿದ್ದರು. ಕಾಯಿಲೆ ಟಿ.ಬಿ. ಎಂದು ಗೊತ್ತಾದ ದಿನ ಧನಿಗಳು ಮಾಡಿದ ಮೊದಲ ಕೆಲಸ ಅವನ ತಟ್ಟೆ, ಲೋಟ ಬೇರೆ ಇರಿಸಿದ್ದು. ಎರಡನೆಯ ಕೆಲಸ, ರೈಲಿನ ಖರ್ಚು ಕೊಟ್ಟು ಊರಿಗೆ ಕಳುಹಿಸಿದ್ದು. ನಾವು ಉಳಿದ ಒಂಬತ್ತು ಮಂದಿಗೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿದವರಿಲ್ಲ. ಕಿಟಕಿಯ ತಗಡು ಹಾಗೆಯೇ ಇತ್ತು. ಊರಿನಲ್ಲಿ ಅವನು ಔಷಧ ಮುಂದುವರಿಸಿದನೋ ಇಲ್ಲವೋ ತಿಳಿಯಲಿಲ್ಲ; ಅವನ ಫೋನಿನ ನಂಬರು ಬದಲಾಗಿತ್ತು.

ಆ ಧನಿಗಳು ಕೆಟ್ಟವರೆಂದು ನಾನು ಹೇಳುವುದಿಲ್ಲ. ಪರೀಕ್ಷೆಯ ದಿನ ಅವನ ಪಗಾರ ಹಿಡಿಯಲಿಲ್ಲ. ಆದರೆ ಮಾಡಿದ್ದೆಲ್ಲ ತಲೆಕೆಳಗು. ಟಿ.ಬಿ. ತಟ್ಟೆಯಿಂದ, ಲೋಟದಿಂದ, ಕೈಕುಲುಕುವುದರಿಂದ ಹರಡುವ ರೋಗವಲ್ಲ. ಕೆಮ್ಮಿದಾಗ, ಮಾತಾಡಿದಾಗ ಗಾಳಿಯಲ್ಲಿ ಸೇರಿ ಹರಡುವ ರೋಗ. ಬೇರೆ ಲೋಟಕ್ಕಿಂತ ತೆರೆದ ಕಿಟಕಿ ದೊಡ್ಡದು. ಹುಡುಗನನ್ನು ಊರಿಗೆ ಅಟ್ಟಬೇಕಾದ ಅಗತ್ಯವೂ ಇರಲಿಲ್ಲ. ಮದ್ರಾಸಿನಲ್ಲಿ 1956ರಲ್ಲಿ ಸ್ಥಾಪಿಸಿದ ಸಂಶೋಧನ ಕೇಂದ್ರದವರು ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿನಲ್ಲಿ, ಕೆಲವರನ್ನು ಅವರ ಇಕ್ಕಟ್ಟಿನ ಮನೆಯಲ್ಲೇ ಇಟ್ಟು ಔಷಧ ಕೊಟ್ಟು ನೋಡಿದರು. 1959ರಲ್ಲಿ ಪ್ರಕಟವಾದ ಫಲ: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ಔಷಧ ತಪ್ಪದೆ ತೆಗೆದುಕೊಂಡರೆ ಸಾಮಾನ್ಯ ಟಿ.ಬಿ. ಕೆಲವು ವಾರಗಳಲ್ಲೇ ಹರಡುವ ಬಲ ಕಳೆದುಕೊಳ್ಳುತ್ತದೆ. ಈ ಮಾತು ಲೋಕಕ್ಕೆ ತಿಳಿದು 60 ವರ್ಷಕ್ಕೂ ಮೇಲಾಯಿತು, ನಮ್ಮ ಗಲ್ಲಾದವರೆಗೆ ಇನ್ನೂ ಬಂದು ಮುಟ್ಟಿಲ್ಲ.

ಹುಡುಗ ಕೆಮ್ಮನ್ನು ಬಚ್ಚಿಡುವುದು ಅಜ್ಞಾನದಿಂದಲ್ಲ. ಕೆಲಸ ಹೋದರೆ ಊಟ ಹೋಯಿತು, ಮಲಗುವ ಜಾಗ ಹೋಯಿತು, ಊರಿಗೆ ಕಳುಹಿಸುವ ಹಣ ಹೋಯಿತು. ಮೂರೂ ಒಂದೇ ದಿನ. ತಂಗಿಯ ಮದುವೆಗೆ ಅಡ್ಡಿಯಾದೀತೆಂಬ ಹೆದರಿಕೆ ಬೇರೆ. ‘ಕೆಮ್ಮನ್ನು ಅಡಗಿಸಬೇಡಿ’ ಎಂದು ಗೋಡೆಗೆ ಬರೆದರೆ ಈ ನಾಲ್ಕು ಭಯಗಳಲ್ಲಿ ಒಂದಾದರೂ ಕರಗುತ್ತದೆಯೆ? ಭಯಕ್ಕೆ ಉತ್ತರ ಕೊಡುವ ಸುದ್ದಿಯೇ ಅವನಿಗೆ ಬೇಕಾದ ಸುದ್ದಿ.

ಅಂಥ ಸುದ್ದಿ ಇದೆ. ಸರಕಾರಿ ಮತ್ತು ಮುನಿಸಿಪಾಲಿಟಿ ದವಾಖಾನೆಗಳಲ್ಲಿ ಕಫದ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ಹೊಸ ಯಂತ್ರದಲ್ಲಿ ಸುಮಾರು ಎರಡು ಗಂಟೆಯೊಳಗೆ ರೋಗ ಇದೆಯೋ ಇಲ್ಲವೋ, ಮುಖ್ಯ ಔಷಧಿಗಳಲ್ಲಿ ಒಂದಕ್ಕೆ ಬಗ್ಗುತ್ತದೆಯೋ ಇಲ್ಲವೋ ತಿಳಿಯುತ್ತದೆ. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಔಷಧ. ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿ.ಬಿ. ಆಗಬಹುದು, ಆಗ ಕಷ್ಟ ಬಹಳ. ಚಿಕಿತ್ಸೆಯ ಕಾಲದಲ್ಲಿ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕಿನ ಖಾತೆಗೆ ಬರುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000 ಮಾಡಿದರು. ಇ.ಎಸ್.ಐ.ಯಲ್ಲಿ ಹೆಸರಿದ್ದು ಎರಡು ವರ್ಷದ ಕೆಲಸ, ಅದಕ್ಕೆ ಬೇಕಾದಷ್ಟು ವಂತಿಗೆ ಆಗಿದ್ದರೆ, ಕ್ಷಯದಂಥ ದೀರ್ಘ ಕಾಯಿಲೆಗೆ ಪಗಾರದ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ಭತ್ಯೆ ಸಿಗುವ ಅವಕಾಶವಿದೆ. ನಮ್ಮಲ್ಲಿ ಎಷ್ಟು ಮಂದಿಯ ಹೆಸರು ಇ.ಎಸ್.ಐ.ಯಲ್ಲಿದೆ? ಕೈಯೆತ್ತಿರಿ ಎಂದು ಕೇಳಲು ನನಗೇ ನಾಚಿಕೆಯಾಗುತ್ತದೆ. ಆ ಜಗಳವನ್ನು ಧನಿಗಳೊಡನೆ ಬೇರೆ ಸಭೆಯಲ್ಲಿ ಮಾಡೋಣ.

ಫೋನಿನ ಮಾತು ಬಿಡಲಾಗದು. ಇಂದು ಗ್ಲಾಸು ತೊಳೆಯುವವನ ಕಿಸೆಯಲ್ಲೂ ಫೋನಿದೆ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಸಾರಿದರು, ಹನ್ನೆರಡಕ್ಕೆ ಜಾರಿಗೆ ಬಂತು. ಏಪ್ರಿಲ್ 14ರಂದು ಬಾಂದ್ರಾ ಸ್ಟೇಷನ್ನಿನ ಹೊರಗೆ ನೂರಾರು ಕೂಲಿಕಾರರು ಸೇರಿದ್ದನ್ನು ನೀವು ಮರೆತಿಲ್ಲ. ರೈಲು ಬಿಡುತ್ತಾರೆಂಬ ಗಾಳಿಸುದ್ದಿ ಹಬ್ಬಿತ್ತು. ಪೊಲೀಸರ ಲಾಠಿ ಬಿತ್ತು. ಕೂಲಿಕಾರರ ರೈಲುಗಳು ನಿಜವಾಗಿ ಹೊರಟದ್ದು ಮೇ 1ರಿಂದ. ಅದೇ ತಿಂಗಳು ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ ಸ್ವಲ್ಪ ಕಾಲ ಗಡಿ ಮುಚ್ಚಿತು. ನಮ್ಮ ಹುಡುಗರು ಮುಚ್ಚಿದ ಹೋಟೆಲುಗಳಲ್ಲಿ ಕೂತು ಹಗಲಿರುಳು ಫೋನು ನೋಡಿದರು. ಸುದ್ದಿ ಎಷ್ಟು ಬೇಕಾದರೂ ಇತ್ತು, ‘ನನ್ನ ಗತಿಯೇನು’ ಎಂದು ಕೇಳಿದರೆ ಉತ್ತರ ಕೊಡುವವರಿರಲಿಲ್ಲ. 1896ಕ್ಕೂ ಇದಕ್ಕೂ ನಡುವೆ ಯಂತ್ರ ಬದಲಾಗಿದೆ, ಅಷ್ಟೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆ ಇಟ್ಟಿದ್ದೇನೆ. ಪ್ರತಿ ಹೋಟೆಲಿಗೆ ಒಬ್ಬ ಗೆಳೆಯ ಬೇಕು. ಭಾಷಣ ಮಾಡುವವನಲ್ಲ, ಕೇಳಿಸಿಕೊಳ್ಳುವವನು. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಮೈ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದನ್ನಾದರೂ ಕಂಡರೆ ಅವನನ್ನು ಒಬ್ಬನೇ ಹೋಗು ಎನ್ನದೆ ತಾನೂ ಜೊತೆಗೆ ದವಾಖಾನೆಗೆ ಹೋಗಬೇಕು. ಗಿರಣಿಯಿಂದ ಬಂದ ಹಿರಿಯರೂ ‘ಇದು ಹತ್ತಿಯ ಧೂಳಿನ ಹಳೆಯ ಕೆಮ್ಮು’ ಎಂದು ಸುಮ್ಮನಿರಬಾರದು. ಆ ಕೆಮ್ಮಿನ ಮರೆಯಲ್ಲಿ ಇದೂ ಇರಬಹುದು.

ಮಾತು ಅವನ ಮಾತಾಗಿರಲಿ. ತುಳು ಮನೆಮಾತಿನವನಿಗೆ ತುಳುವಿನಲ್ಲಿ, ಕೊಂಕಣಿಯವನಿಗೆ ಕೊಂಕಣಿಯಲ್ಲಿ, ವಿಜಯಪುರದ ಕಡೆಯವನಿಗೆ ಅವನ ಕನ್ನಡದಲ್ಲಿ. ಓದಲು ಬಾರದವನಿಗೆ ಬರೆದು ಕಳುಹಿಸಬೇಡಿರಿ, ಫೋನಿನಲ್ಲಿ ಧ್ವನಿಯನ್ನೇ ಕಳುಹಿಸಿರಿ. ಈಗ ನಮ್ಮ ಮಾಳಿಗೆಗಳಲ್ಲಿ ಒಡಿಶಾದವರು, ಉತ್ತರಪ್ರದೇಶದವರು, ನೇಪಾಳದವರೂ ಮಲಗುತ್ತಾರೆ. ಕನ್ನಡ ಸಂಘವೆಂದು ಅವರನ್ನು ಬಿಟ್ಟರೆ ಗಾಳಿ ನಮ್ಮನ್ನು ಬಿಡುವುದಿಲ್ಲ. ಅವರಿಗೆ ಹಿಂದಿಯಲ್ಲಿ ಹೇಳಿರಿ.

ಒಂದು ಕಟ್ಟುನಿಟ್ಟು. ಕಾಯಿಲೆಯವನ ಹೆಸರನ್ನು, ಚೀಟಿಯ ಫೋಟೋವನ್ನು ಯಾರೂ ಸಂಘದ ವಾಟ್ಸಾಪ್ ಗುಂಪಿಗೆ ಹಾಕಕೂಡದು. ‘ಪಾಪ, ಸಹಾಯವಾಗಲಿ’ ಎಂದು ಹಾಕುವವರಿದ್ದಾರೆ. ಸಂಜೆಯೊಳಗೆ ಅದು ಅವನ ಊರಿನ ಗುಂಪಿನಲ್ಲಿರುತ್ತದೆ, ಮರುದಿನದಿಂದ ಹೋಟೆಲಿನಲ್ಲಿ ಯಾರೂ ಕೆಮ್ಮುವುದಿಲ್ಲ.

ಸರಕಾರದ ಕ್ಷಯ ಸಹಾಯವಾಣಿ 1800-11-6666. ಕರೆಗೆ ಹಣವಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಮುನಿಸಿಪಾಲಿಟಿಯ ಆರೋಗ್ಯ ಸೇವಕಿ ಅಕ್ಕನವರು ಕಾದಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ, ನಮ್ಮ ಹುಡುಗನೊಬ್ಬ ಮರಾಠಿಯಲ್ಲಿ ಹೇಳಿಕೊಡುತ್ತಾನೆ. ಬಾಗಿಲು ಮುಚ್ಚಿಕೊಂಡು ಒಬ್ಬೊಬ್ಬರಾಗಿ ಕೇಳಬಹುದು. ಹೋಟೆಲಿನ ಗೆಳೆಯನಾಗಲು ಒಪ್ಪುವವರು ಚಹಾ ಕುಡಿಯುವ ಮೊದಲೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿರಿ. ಚಹಾ ಆದ ಮೇಲೆ ಎಲ್ಲರಿಗೂ ಪಾಳಿಯ ಅವಸರ.