ಒಕ್ಕಲು ಮನೆಯ ಮಿತವ್ಯಯ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗಾಗಿ ಏರ್ಪಡಿಸಿದ ಉಪನ್ಯಾಸ)



ವ್ಯವಸಾಯದ ವಿಷಯವಾಗಿ ಉಪನ್ಯಾಸವೆಂದರೆ ಗೊಬ್ಬರ, ಬಿತ್ತನೆ, ಬೆಳೆಗೆ ತಗಲುವ ರೋಗ ಮುಂತಾದವುಗಳನ್ನು ವಿವರಿಸುವುದು ವಾಡಿಕೆಯಾಗಿರುತ್ತದೆ. ಆದರೆ ಹೊಲದಲ್ಲಿ ಬೆಳೆದದ್ದು ಮನೆಯಲ್ಲಿ ನಿಲ್ಲದೆ ಹೋದರೆ ಬೆಳೆದ ಫಲವೇನು? ಎಕರೆಗೆ ಒಂದು ಮೂಟೆ ಹೆಚ್ಚಾಗಿ ಬೆಳೆಯುವುದಕ್ಕೆ ರೈತನು ಪಡುವ ಶ್ರಮದಲ್ಲಿ ನಾಲ್ಕನೆಯ ಒಂದು ಭಾಗವನ್ನು ಮನೆಯ ವೆಚ್ಚವನ್ನು ಕ್ರಮಪಡಿಸುವುದಕ್ಕೆ ವಿನಿಯೋಗಿಸಿದರೆ, ಆ ಮೂಟೆಯ ಬೆಲೆಗಿಂತ ಹೆಚ್ಚಿನದು ಕೈಯಲ್ಲಿ ಉಳಿಯುವುದು. ಆದುದರಿಂದ ಈ ದಿನದ ವಿಷಯವು ಹೊಲದ್ದಲ್ಲ, ಅಡಿಗೆಯ ಮನೆಯದು, ಸಂತೆಯದು, ಸಾಲದ ಪುಸ್ತಕದ್ದು.

ವರಮಾನವು ವರ್ಷಕ್ಕೊಮ್ಮೆ, ವೆಚ್ಚವು ದಿನಂಪ್ರತಿ

ಈ ನಾಲ್ಕು ತಾಲ್ಲೂಕುಗಳಲ್ಲಿ ಹಣವು ಹೇಗೆ ಬರುತ್ತದೆಂಬುದನ್ನು ಮೊದಲು ವಿಚಾರಿಸಬೇಕು. ಹುಣಸೂರು, ಪಿರಿಯಾಪಟ್ಟಣಗಳ ಒಕ್ಕಲಿಗನು ಮುಂಗಾರಿನ ಮೊದಲ ಮಳೆಗೆ ಹೊಗೆಸೊಪ್ಪಿನ ಸಸಿ ನೆಟ್ಟು, ಶ್ರಾವಣ ಭಾದ್ರಪದಗಳಲ್ಲಿ ಬ್ಯಾರನ್ನಿನಲ್ಲಿ ಎಲೆಯನ್ನು ಹದಮಾಡಿ, ಅನಂತರ ಹರಾಜು ಕಟ್ಟೆಗೆ ಸಾಗಿಸುತ್ತಾನೆ. ತಂಬಾಕು ಮಂಡಳಿಯು ೧೯೭೬ರಲ್ಲಿ ಸ್ಥಾಪಿತವಾಗಿ, ೧೯೮೪ರಲ್ಲಿ ಕರ್ನಾಟಕದಲ್ಲಿ ಹರಾಜು ಆರಂಭವಾದಂದಿನಿಂದ ಹಣವು ಈ ಹರಾಜಿನ ತಿಂಗಳುಗಳಲ್ಲಿಯೇ ಕೈಸೇರುತ್ತದೆ. ಹಿಂದೆ ಎಡತೊರೆ ಎಂದು ಹೆಸರಾಗಿದ್ದ ಕೃಷ್ಣರಾಜನಗರದ ಸೀಮೆಯಲ್ಲಿ ಕಾವೇರಿಯ ನಾಲೆಗಳ ಬಯಲಿನ ಭತ್ತವು ಮಾರ್ಗಶಿರ ಪುಷ್ಯಗಳಲ್ಲಿ ಕಣಕ್ಕೆ ಬರುತ್ತದೆ. ಹೆಗ್ಗಡದೇವನಕೋಟೆಯಲ್ಲಿ ಮಳೆಯಾಶ್ರಿತ ಹತ್ತಿಯು ನವರಾತ್ರಿಯ ಸುಮಾರಿಗೆ ಬಿಡಿಸಲು ಬರುತ್ತದೆ. ಎಲ್ಲಿ ನೋಡಿದರೂ ವರಮಾನವು ವರ್ಷದಲ್ಲಿ ಒಂದೆರಡು ಬಾರಿ ಮಾತ್ರ.

ವೆಚ್ಚವಾದರೋ ಹಾಗಲ್ಲ. ಉಪ್ಪು, ಎಣ್ಣೆ, ಬೇಳೆ, ಮಕ್ಕಳ ಪುಸ್ತಕ, ಔಷಧ, ಮೋಟಾರು ಸೈಕಲ್ಲಿನ ಪೆಟ್ರೋಲು, ಮೊಬೈಲಿನ ರೀಚಾರ್ಜು ಇವೆಲ್ಲವೂ ಹರಾಜನ್ನು ಕಾಯುವುದಿಲ್ಲ. ಈ ಎರಡರ ನಡುವಣ ಅಂತರವನ್ನು ಬಹುಮಂದಿ ಸಾಲದಿಂದ ತುಂಬುತ್ತಾರೆ. ಬಡತನವು ಮನೆಯೊಳಕ್ಕೆ ನುಗ್ಗುವ ಬಾಗಿಲು ಇದೇ.

ಬಡ್ಡಿಯ ಲೆಕ್ಕ

"ಮೂರು ರೂಪಾಯಿ ಬಡ್ಡಿ" ಎಂಬ ಮಾತು ಕಿವಿಗೆ ಹಗುರವಾಗಿ ಕೇಳುತ್ತದೆ. ಅದು ನೂರಕ್ಕೆ ತಿಂಗಳೊಂದಕ್ಕೆ ಮೂರು, ಎಂದರೆ ವರ್ಷಕ್ಕೆ ೩೬. ಸಸಿ ನೆಡುವ ಮೇ ತಿಂಗಳಲ್ಲಿ ಮನೆಯ ಖರ್ಚಿಗೆಂದು ೩೦,೦೦೦ ರೂಪಾಯಿಗಳನ್ನು ಈ ದರದಲ್ಲಿ ತಂದವನು ನವೆಂಬರಿನಲ್ಲಿ ತೀರಿಸುವಾಗ ಆರು ತಿಂಗಳಿಗೆ ೫,೪೦೦ ರೂಪಾಯಿಗಳನ್ನು ಬಡ್ಡಿಯಾಗಿ ತೆರುತ್ತಾನೆ. ಹಾಗಾದರೆ ಆತನು ನೂರು ರೂಪಾಯಿನ ಬೇಳೆಯನ್ನು ನೂರ ಹದಿನೆಂಟಕ್ಕೆ ಕೊಂಡಂತಾಯಿತು. ಸಂತೆಯಲ್ಲಿ ಎರಡು ರೂಪಾಯಿಗಾಗಿ ಅರ್ಧ ಗಳಿಗೆ ಚೌಕಾಶಿ ಮಾಡುವ ಜಾಣನು ಈ ಹದಿನೆಂಟನ್ನು ಮಾತಿಲ್ಲದೆ ಕೊಟ್ಟುಬರುತ್ತಾನೆ. ಅಂಗಡಿಯ ಉದ್ರಿಯಲ್ಲಿಯೂ ಬಡ್ಡಿಯು ಬೆಲೆಯೊಳಗೆ ಅಡಗಿರುವುದುಂಟು; ಪುಸ್ತಕದಲ್ಲಿ ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದು ತಿಳಿಯಕೂಡದು.

೨೦೧೫ರಲ್ಲಿ ಹೊಗೆಸೊಪ್ಪಿನ ಬೆಲೆ ಇಳಿದಾಗ ಸಾಲದ ಭಾರವನ್ನು ತಾಳಲಾರದೆ ಈ ಸೀಮೆಯ ಬೆಳೆಗಾರರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡ ಸಂಗತಿಯು ಇಲ್ಲಿ ಯಾರಿಗೂ ಮರೆತಿರಲಾರದು. ವಾರವಾರವೂ ಕಂತು ವಸೂಲುಮಾಡುವವರ ಕಿರುಕುಳವು ಹೆಚ್ಚಿದ್ದರಿಂದ ೨೦೨೫ರ ಫೆಬ್ರವರಿಯಲ್ಲಿ ಕಿರುಸಾಲದ ಬಲವಂತದ ವಸೂಲಾತಿಯನ್ನು ತಡೆಯುವುದಕ್ಕೆ ರಾಜ್ಯದಲ್ಲಿ ಸುಗ್ರೀವಾಜ್ಞೆಯು ಹೊರಟಿತು. ಕಾನೂನು ಬಾಗಿಲಿಗೆ ಬಂದು ಬೈಯುವವನನ್ನು ತಡೆಯಬಹುದು. ಮನೆಯವರು ಪುನಃ ಸಾಲಕ್ಕೆ ಕೈಯೊಡ್ಡುವುದನ್ನು ತಡೆಯಲಾರದು. ಅದನ್ನು ತಡೆಯತಕ್ಕದ್ದು ಮನೆಯ ಏರ್ಪಾಡೇ.

ಮೊದಲ ಉಳಿತಾಯ: ಉಣ್ಣುವುದನ್ನು ಬೆಳೆಯುವುದು

ಮಿತವ್ಯಯವೆಂದರೆ ಹೊಟ್ಟೆ ಕಟ್ಟುವುದಲ್ಲ, ಕೊಳ್ಳುವ ಪದಾರ್ಥಗಳ ಸಂಖ್ಯೆಯನ್ನು ಕುಗ್ಗಿಸುವುದು. ಹಿಂದಿನವರು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳನ್ನು ಹಾಕುತ್ತಿದ್ದರು. ಕೆಲವು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ತೊಗರಿ, ನಡುವೆ ಹುಚ್ಚೆಳ್ಳು, ಅಂಚಿಗೆ ಹರಳು ಮತ್ತು ಜೋಳ. ಹೀಗೆ ಒಂದೇ ಹೊಲದಿಂದ ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ದನಕ್ಕೆ ಮೇವು ದೊರೆಯುತ್ತಿದ್ದವು. ಒಂದು ಕೆಟ್ಟರೆ ಮತ್ತೊಂದು ಕೈಹಿಡಿಯುತ್ತಿತ್ತು. ಪೂರ್ತಿ ಹೊಲವನ್ನು ಹಣದ ಬೆಳೆಗೆ ಕೊಟ್ಟ ಮನೆಯವರು ಕಾಳಿಗೂ ಎಣ್ಣೆಗೂ ಕೊನೆಗೆ ರಾಗಿಗೂ ಚೀಲ ಹಿಡಿದು ಪೇಟೆಗೆ ಹೋಗಬೇಕಾಗಿ ಬಂದಿದೆ.

ಲೆಕ್ಕವು ಸುಲಭವಾದದ್ದು. ಐದು ಮಂದಿಯ ಸಂಸಾರಕ್ಕೆ ದಿನಕ್ಕೆ ಒಂದೂವರೆ ಕಿಲೋ ರಾಗಿ ಬೇಕೆಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಾಲ್ ಆಗುತ್ತದೆ. ಮಳೆ ಕೈಕೊಡದ ವರ್ಷದಲ್ಲಿ ಒಂದು ಎಕರೆ ಖುಷ್ಕಿಯು ಇಷ್ಟನ್ನು ಕೊಟ್ಟು ಬಿತ್ತನೆಗೂ ಮಿಗಿಸುವುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನು ಆಫ್ರಿಕಾ ಖಂಡದ ರಾಗಿಯೊಡನೆ ಸಂಕರಮಾಡಿ "ಇಂಡಾಫ್" ತಳಿಗಳನ್ನು ಒದಗಿಸಿದ ಮೇಲೆ ರಾಗಿಯ ಇಳುವರಿಯು ಹಿಂದಿನಂತೆ ಅಲ್ಪವಾಗಿ ಉಳಿದಿಲ್ಲ. ಹೊಗೆಸೊಪ್ಪು ಬಿಡಿಸಿದ ಹೊಲದಲ್ಲಿಯೇ ಹಿಂಗಾರಿಗೆ ರಾಗಿಯನ್ನು ಬಿತ್ತುವ ಪದ್ಧತಿಯೂ ಈ ಭಾಗದಲ್ಲಿ ಉಂಟು. ಇದರಿಂದ ಹೊಗೆಸೊಪ್ಪಿಗೆ ತಗಲುವ ಬೇರುಗಂಟಿನ ಹುಳುವಿನ ಬಾಧೆಯೂ ತಗ್ಗುತ್ತದೆ. ಹೀಗಿರುವಲ್ಲಿ ಹಣದ ಬೆಳೆಯನ್ನು ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಮನೆಯ ಮುದ್ದೆಯನ್ನು ಹರಾಜಿನ ಬೆಲೆಗೆ ಒತ್ತೆಯಿಡಬಾರದೆಂಬುದಿಷ್ಟೇ.

ರಾಗಿಗೆ ಮತ್ತೊಂದು ಗುಣವುಂಟು. ಅದಕ್ಕೆ ಹುಳು ಹಿಡಿಯುವುದು ಕಡಿಮೆ. ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಅದನ್ನು ಕೂಡಿಡುತ್ತಿದ್ದ ಕಾರಣವಿದು. ೧೮೭೬-೭೮ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಪ್ರಜೆಗಳು ಮಡಿದರು. ಮುಂದಿನ ವರ್ಷದ ಕಾಳು ಮನೆಯಲ್ಲಿದ್ದವನೇ ಧನಿಕನೆಂಬುದನ್ನು ಆ ಬರವು ಕಲಿಸಿತು. ಈಗ ಹಗೇವು ಇಲ್ಲದಿರಬಹುದು. ಒಣಗಿದ ರಾಗಿಯನ್ನು ತೇವ ತಗಲದಂತೆ ಹಲಗೆಯ ಮೇಲೆ ಜೋಡಿಸಿದ ಚೀಲಗಳಲ್ಲಿ ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೊಸ ಬೆಳೆಯ ತೆನೆ ಕಣ್ಣಿಗೆ ಬೀಳುವ ತನಕ ಹಳೆಯ ರಾಗಿಯನ್ನು ಮಾರಕೂಡದು.

ಹಿತ್ತಿಲು ಮತ್ತು ಬದು

ಬಚ್ಚಲಿನ ನೀರು ಹರಿದು ಹೋಗುವ ಜಾಗದಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಎರಡು ಬಾಳೆ, ಒಂದು ಪರಂಗಿ, ಬೇಲಿಯ ಮೇಲೆ ಹೀರೆ ಮತ್ತು ಚಪ್ಪರದವರೆ, ಸಣ್ಣ ಪಾತಿಯಲ್ಲಿ ದಂಟು. ಇಷ್ಟನ್ನು ಬೆಳೆಸುವುದಕ್ಕೆ ಭೂಮಿ ಬೇಡ, ಮನಸ್ಸು ಬೇಕು. ಮಳೆಗಾಲದಲ್ಲಿ ಬದುಗಳ ಮೇಲೆ ತಾನಾಗಿ ಏಳುವ ಅಣ್ಣೆ, ಹೊನಗನ್ನೆ ಮುಂತಾದ ಸೊಪ್ಪುಗಳನ್ನು ಆಯ್ದು ಬೆರಕೆ ಮಾಡುವುದನ್ನು ಈ ಭಾಗದ ಹೆಂಗಸರು ತಲತಲಾಂತರದಿಂದ ಬಲ್ಲರು. ಬಸ್ಸಾರೆಂಬುದೇ ಮಿತವ್ಯಯದ ಪಾಠ. ಕಾಳುಸೊಪ್ಪನ್ನು ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದದ್ದರಿಂದ ಪಲ್ಯವನ್ನೂ ಮಾಡುತ್ತಾರೆ. ಒಂದು ತೊಟ್ಟೂ ಚೆಲ್ಲುವುದಿಲ್ಲ, ಸತ್ತ್ವವೂ ಹೋಗುವುದಿಲ್ಲ. ಆದರೆ ಔಷಧ ಸಿಂಪಡಿಸಿದ ಹೊಲದ ಅಂಚಿನ ಸೊಪ್ಪನ್ನು ಮಾತ್ರ ಕೀಳಕೂಡದು.

ಸೌದೆಯ ವೆಚ್ಚವೂ ಅಲ್ಪವಲ್ಲ. ಒಂದು ಕಿಲೋ ಹೊಗೆಸೊಪ್ಪನ್ನು ಹದಮಾಡುವುದಕ್ಕೇ ನಾಲ್ಕೈದು ಕಿಲೋ ಸೌದೆ ಹಿಡಿಯುತ್ತದೆ. ಬದುಗಳ ಮೇಲೆ ಹೊಂಗೆ, ಹೆಬ್ಬೇವು, ಸಿಲ್ವರ್ ಮರಗಳನ್ನು ಬೆಳೆಸಿದರೆ ಕೆಲವು ವರ್ಷಗಳಲ್ಲಿ ಸೌದೆಯ ಒಂದು ಭಾಗವಾದರೂ ಮನೆಯದೇ ಆಗುತ್ತದೆ. ಅಡಿಗೆಗೆ ಸೌದೆ ಉರಿಸುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯನ್ನು ಕಟ್ಟಿಸಿಕೊಂಡರೆ ಸೌದೆಯೂ ಉಳಿಯುತ್ತದೆ, ಗೃಹಿಣಿಯ ಕಣ್ಣೂ ಉಳಿಯುತ್ತದೆ. ಎರಡು ಮೂರು ದನಗಳಿರುವ ಮನೆಯಲ್ಲಿ ಗೋಬರ್ ಗ್ಯಾಸ್ ಇನ್ನೂ ಮೇಲು. ಅದರ ಬಗ್ಗಡವು ಒಳ್ಳೆಯ ಗೊಬ್ಬರ.

ಕೊಳ್ಳುವ ಕಾಲ

ಎಲ್ಲವನ್ನೂ ಬೆಳೆಯಲಾಗುವುದಿಲ್ಲ, ಕೊಳ್ಳಲೇಬೇಕಾದದ್ದನ್ನು ಸುಗ್ಗಿಯಲ್ಲಿ ರೊಕ್ಕ ಕೊಟ್ಟು ಕೊಳ್ಳಬೇಕು. ಹೊಸ ಹುಣಸೆಹಣ್ಣು ಮತ್ತು ಒಣಮೆಣಸಿನಕಾಯಿ ಶಿವರಾತ್ರಿಯಿಂದ ಯುಗಾದಿಯವರೆಗೆ ಹೇರಳವಾಗಿ ಬರುತ್ತವೆ. ಹರಾಜಿನ ಹಣವೂ ಆಗ ಇನ್ನೂ ಮಿಕ್ಕಿರುತ್ತದೆ. ಆಗಲೇ ವರ್ಷಕ್ಕಾಗುವಷ್ಟನ್ನು ತಂದು, ಬಿಸಿಲಿಗೆ ಹಾಕಿ, ಉಪ್ಪು ಬೆರಸಿದ ಹುಣಸೆಯನ್ನು ಗಡಿಗೆಗೆ ತುಂಬಿದರೆ ಮಳೆಗಾಲದಲ್ಲಿ ಕಾಲು ಕಾಲು ಕಿಲೋ ತರುವ ಪ್ರಮೇಯವಿಲ್ಲ. ಹುಚ್ಚೆಳ್ಳು, ಕಡಲೆಕಾಯಿಗಳನ್ನು ಗಾಣಕ್ಕೆ ಕೊಟ್ಟರೆ ಎಣ್ಣೆಯೊಡನೆ ಹಿಂಡಿಯೂ ದನಕ್ಕೆ ದಕ್ಕುವುದು. ಸಂತೆಗೆ ಹೋಗುವ ಮುನ್ನ ಬೇಕಾದ ಸಾಮಾನಿನ ಪಟ್ಟಿಯನ್ನು ಬರೆದುಕೊಂಡು, ಅಷ್ಟಕ್ಕೆ ತಕ್ಕ ಹಣವನ್ನು ಮಾತ್ರ ಒಯ್ಯತಕ್ಕದ್ದು. ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗುವವರೂ ಇದೇ ನಿಯಮವನ್ನು ಪಾಲಿಸುವುದು ಉತ್ತಮ. ಜೋಡಿಯ ಸೊಬಗಿಗೆ ಮರುಳಾಗಿ ಮೇವಿಲ್ಲದ ಮನೆಗೆ ಎತ್ತು ತಂದವರು ಮರುವರ್ಷ ಅದೇ ಜಾತ್ರೆಯಲ್ಲಿ ಅದನ್ನು ಅಗ್ಗವಾಗಿ ಮಾರಿದ್ದುಂಟು.

ಕಾಣದ ವೆಚ್ಚ

ದಿನಕ್ಕೆ ನಲವತ್ತು ರೂಪಾಯಿ ಟೀ, ಬೀಡಿ, ಹೋಟಲಿನ ತಿಂಡಿಗಳಿಗೆ ಹೋದರೆ ವರ್ಷಕ್ಕೆ ೧೪,೬೦೦ ರೂಪಾಯಿ. ಇದನ್ನು ಖರ್ಚುಮಾಡುವವನು ಸಾಮಾನ್ಯವಾಗಿ ಮನೆಯ ಯಜಮಾನನೇ. ಆದರೆ ಕೈ ಹಿಡಿತದ ಮಾತು ಬಂದಾಗಲೆಲ್ಲ ಬುದ್ಧಿವಾದವು ಗೃಹಿಣಿಯ ಪಾಲಿಗೆ ಬರುತ್ತದೆ. ಆಕೆಯಾದರೋ ಎಲ್ಲರಿಗೂ ಬಡಿಸಿ, ಮಿಕ್ಕದ್ದರಲ್ಲಿ ತಾನು ಉಂಡು, ಆಗಲೇ ಮಿತವ್ಯಯದ ಕೊನೆಯ ಮೆಟ್ಟಿಲಿನಲ್ಲಿರುತ್ತಾಳೆ. ಅವಳ ತಟ್ಟೆಯಿಂದ ಉಳಿಸುವುದು ಉಳಿತಾಯವಲ್ಲ, ಅನ್ಯಾಯ. ಹಾಗೆಯೇ ಮಕ್ಕಳ ಹಾಲು, ಮೊಟ್ಟೆ, ಕಾಳುಗಳನ್ನೂ ಶಾಲೆಯ ವೆಚ್ಚವನ್ನೂ ಕಾಯಿಲೆಯ ಔಷಧವನ್ನೂ ಕಡಿತಮಾಡಕೂಡದು. ಇವುಗಳಲ್ಲಿ ಉಳಿಸಿದ ರೂಪಾಯಿಯು ಮುಂದೆ ಹತ್ತು ರೂಪಾಯಿಯ ನಷ್ಟವಾಗಿ ತಿರುಗಿ ಬರುತ್ತದೆ. ಮಿತವ್ಯಯವು ಸಂತೆಯಲ್ಲಿ ಜೇಬಿಗೆ ಕೈಹಾಕುವವನಿಂದ ಪ್ರಾರಂಭವಾಗಬೇಕು.

ಆದುದರಿಂದ ಪ್ರತಿ ಮನೆಯಲ್ಲಿಯೂ ಒಂದು ಲೆಕ್ಕದ ಪುಸ್ತಕವಿರಬೇಕು. ಶಾಲೆಗೆ ಹೋಗುವ ಹುಡುಗಿಯೋ ಹುಡುಗನೋ ರಾತ್ರಿ ಊಟವಾದ ಮೇಲೆ ಆ ದಿನದ ವೆಚ್ಚವನ್ನೆಲ್ಲ, ಯಜಮಾನನ ಬೀಡಿಯೂ ಸೇರಿದಂತೆ, ಬರೆಯಲಿ. ಬರೆಯುವ ಮಗುವಿನ ಎದುರಿಗೆ ದುಂದಿನ ಲೆಕ್ಕ ಹೇಳುವುದಕ್ಕೆ ಯಾವ ತಂದೆಗೂ ಸಂಕೋಚವಾಗುವುದು. ಆ ಸಂಕೋಚವೇ ದೊಡ್ಡ ಉಳಿತಾಯ.

ಮದುವೆಯ ವೆಚ್ಚ

ವರ್ಷವೆಲ್ಲ ಉಪ್ಪುಮೆಣಸಿನಲ್ಲಿ ಉಳಿಸಿದ್ದು ಒಂದು ದಿನದ ಚಪ್ಪರದಲ್ಲಿ ಹೋಗುವುದುಂಟು. ಎರಡು ಲಕ್ಷ ರೂಪಾಯಿಗಳನ್ನು ನೂರಕ್ಕೆ ಎರಡರಂತೆ ಸಾಲ ತಂದರೆ ತಿಂಗಳಿಗೆ ೪,೦೦೦ ರೂಪಾಯಿ ಬಡ್ಡಿಗೇ ಬೇಕು. ಬಾಳೆಯೆಲೆ ಬಾಡುವ ಮೊದಲೇ ನೆಂಟರು ಹೊರಟುಹೋಗುತ್ತಾರೆ, ಬಡ್ಡಿಯು ಉಳಿಯುತ್ತದೆ. ಸರಳ ವಿವಾಹವು ಅಗೌರವದ ಸಂಗತಿಯಲ್ಲ. ಕುವೆಂಪುರವರು ತಮ್ಮ ಮಗನ ಮದುವೆಯನ್ನೇ ೧೯೬೬ರಲ್ಲಿ ಮಂತ್ರಮಾಂಗಲ್ಯದ ಕ್ರಮದಿಂದ ಆಡಂಬರವಿಲ್ಲದೆ ನೆರವೇರಿಸಿದರು. ಧರ್ಮಸ್ಥಳದಲ್ಲಿ ೧೯೭೨ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿವೆ. ಊರಿನ ಹಿರಿಯರು ಕೂಡಿ ಒಂದು ಮಿತಿಯನ್ನು ಗೊತ್ತುಮಾಡಿ, ಮೊದಲು ಉಳ್ಳವರೇ ಅದನ್ನು ಪಾಲಿಸಿದರೆ ಇಲ್ಲದವರ ಮಾನ ಉಳಿಯುವುದು.

ಹಣ ಬಂದ ದಿನ

ಕೊನೆಯದಾಗಿ, ಹಣವು ಕೈಸೇರಿದ ದಿನ ಮಾಡಬೇಕಾದ ಕೆಲಸ. ಹರಾಜಿನ ಅಥವಾ ಭತ್ತ ಹತ್ತಿಗಳ ಹಣವು ಬಂದೊಡನೆ ಅದನ್ನು ನಾಲ್ಕು ಪಾಲು ಮಾಡತಕ್ಕದ್ದು. ಮೊದಲ ಪಾಲು ಹೆಚ್ಚು ಬಡ್ಡಿಯ ಸಾಲಕ್ಕೆ. ಎರಡನೆಯದು ಮುಂದಿನ ಬೇಸಾಯಕ್ಕೆ. ಮೂರನೆಯದು ಮನೆಯ ಖರ್ಚಿಗೆ. ನಾಲ್ಕನೆಯದು ಕಾಯಿಲೆ ಕಷ್ಟಗಳಿಗೆ. ಪಾಲುಗಳು ಸಮನಾಗಿರಬೇಕೆಂಬ ನಿಯಮವಿಲ್ಲ, ಯಾವ ಪಾಲೂ ಬರಿದಾಗಿರಬಾರದು. ಮನೆಯ ಖರ್ಚಿನ ಪಾಲನ್ನು ಹನ್ನೆರಡು ತಿಂಗಳಿಗೆ ಹಂಚಿ, ತಿಂಗಳಿಗೊಮ್ಮೆ ಅಷ್ಟನ್ನೇ ಬ್ಯಾಂಕಿನಿಂದ ತೆಗೆಯಬೇಕು. ಹೀಗೆ ಮಾಡಿದವನು ರೈತನಾಗಿದ್ದುಕೊಂಡೇ ತಿಂಗಳ ಸಂಬಳದವನಂತೆ ನಿಶ್ಚಿಂತನಾಗುವನು. ೨೦೨೩ರಲ್ಲಿ ಮೈಸೂರಿನಲ್ಲಿ ಉದ್ಘಾಟನೆಯಾದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯೊಡತಿಗೆ ತಿಂಗಳಿಗೆ ೨,೦೦೦ ರೂಪಾಯಿ ಗೊತ್ತಾಗಿದೆ. ಆ ಹಣವು ಆಕೆಯ ವಶದಲ್ಲಿಯೇ ಇರಲಿ. ಬೆಳೆಸಾಲ ಬೇಕಾದರೆ ಮೊದಲು ಸಹಕಾರ ಸಂಘದಲ್ಲಿ ವಿಚಾರಿಸಬೇಕು. ಮೈಸೂರಿನಲ್ಲಿ ಸಹಕಾರದ ಕಾಯಿದೆಯು ೧೯೦೫ರಲ್ಲಿಯೇ ಬಂದುದು ರೈತನನ್ನು ಬಡ್ಡಿಯ ಬಾಯಿಂದ ಬಿಡಿಸುವುದಕ್ಕಾಗಿಯೇ. ಆದರೆ ಬೆಳೆಗೆಂದು ತಂದ ಸಾಲವನ್ನು ಮನೆಗೆ ಬಳಸುವುದೂ ವಾಯಿದೆ ಮೀರುವುದೂ ಆ ಅನುಕೂಲವನ್ನು ತಾನೇ ಕೆಡಿಸಿಕೊಂಡಂತೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಒಕ್ಕಲ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಈ ವರ್ಷ ಎಲ್ಲವನ್ನೂ ಒಟ್ಟಿಗೆ ಹಿಡಿಯುವುದು ಕಷ್ಟವಾದರೆ ಮೂರನ್ನು ಮಾತ್ರ ಹಿಡಿಯಲಿ: ಒಂದು ಎಕರೆ ರಾಗಿಯೊಳಗೆ ಅಕ್ಕಡಿ ಸಾಲು, ಹಿತ್ತಿಲಲ್ಲಿ ಒಂದು ನುಗ್ಗೆಯ ಗಿಡ, ಗೂಡಿನಲ್ಲಿ ಒಂದು ಲೆಕ್ಕದ ಪುಸ್ತಕ. ಮುಂದಿನ ಮೇ ತಿಂಗಳಲ್ಲಿ ಸಸಿ ನೆಡುವ ಹೊತ್ತಿಗೆ ಸಾಲಗಾರನ ಬಾಗಿಲಿಗೆ ಹೋಗದೆ ನಿಂತ ಮನೆಯು ಊರಿನಲ್ಲಿ ಒಂದಾದರೂ ಇದ್ದರೆ, ಅದನ್ನು ನೋಡಿ ಹತ್ತು ಮನೆಗಳು ಕಲಿಯುವುವು.