‘ಓನ್’ ಎಂಬ ಪದದೊಳಗಿನ ಋಣ

(ಉಪನ್ಯಾಸದ ಬರಹರೂಪ)



ಬೆಟ್ಟ ಯಾರದು ಎಂಬ ಪ್ರಶ್ನೆ ಉತ್ತರ ಕನ್ನಡದ ಮಲೆಗಳಲ್ಲಿ ಬಹುಕಾಲದಿಂದ ಬಗೆಹರಿಯದೆ ಉಳಿದಿದೆ. 1878ರ ಅರಣ್ಯ ಕಾಯಿದೆಯು ಅದಕ್ಕೆ ಉತ್ತರ ಬರೆದದ್ದು ಇಂಗ್ಲಿಷಿನಲ್ಲಿ. ಆದುದರಿಂದ ಆ ಭಾಷೆಯ ‘ಓನ್’ ಎಂಬ ಕ್ರಿಯಾಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಇಂದು ಅದಕ್ಕೆ ಒಡೆತನ ಹೊಂದಿರುವುದು ಎಂಬುದೇ ಮುಖ್ಯಾರ್ಥ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಆಗನ್’ ಎಂಬ ಕ್ರಿಯಾಪದವಿತ್ತು. ಹೊಂದಿರುವುದು ಎಂದು ಅದರ ಅರ್ಥ. ಅದರ ಕೃದಂತವಾದ ‘ಆಗೆನ್’, ಅಂದರೆ ‘ಸ್ವಂತದ’ ಎಂಬುದರಿಂದ ‘ಓನ್’ ಬಂದಿತು. ಸೋಜಿಗವೆಂದರೆ, ಸಾಲಗಾರನಾಗಿರುವುದು ಎಂಬ ಅರ್ಥದ ‘ಓ’ ಕೂಡ ಅದೇ ‘ಆಗನ್’ನ ಮಗು. ಕರ್ತವ್ಯವನ್ನು ಸೂಚಿಸುವ ‘ಆಟ್’ ಅದರ ಭೂತಕಾಲದ ರೂಪ. ಒಡೆತನ, ಋಣ, ಕರ್ತವ್ಯ ಮೂರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು! ಷೇಕ್ಸ್‌ಪಿಯರನಲ್ಲಿಯೂ ‘ಓ’ ಪದಕ್ಕೆ ಒಡೆತನದ ಅರ್ಥವುಂಟು. 1611ರ ಇಂಗ್ಲಿಷ್ ಬೈಬಲಿನಲ್ಲಿ ನಡುಪಟ್ಟಿಯೊಂದರ ಒಡೆಯನನ್ನು ಹೇಳುವಲ್ಲಿ ಬಂದ ಈ ಪದವನ್ನು ಮುಂದಿನ ಮುದ್ರಣಗಳು ‘ಓನ್’ ಎಂದು ಬದಲಿಸಿದವು. ಕೊಡಬೇಕಾದುದನ್ನು ತನ್ನ ಬಳಿ ಹೊಂದಿರುವುದು ಎಂಬ ಬಳಕೆಯಿಂದ ಸಾಲದ ಅರ್ಥ ಬೆಳೆಯಿತು. ಸಂಸ್ಕೃತದ ‘ಈಶ್’ ಧಾತುವನ್ನೂ ಭಾಷಾತಜ್ಞರು ಇದೇ ಮೂಲಕ್ಕೆ ಸೇರಿಸುತ್ತಾರೆ.

ನಮ್ಮ ಕನ್ನಡದ ದಾರಿ ಬೇರೆ. ‘ನನಗೆ ತೋಟ ಉಂಟು’ ಎನ್ನುತ್ತೇವೆ. ‘ನನಗೆ ಸಾಲ ಉಂಟು’ ಎಂದೂ ಅದೇ ಅಚ್ಚಿನಲ್ಲಿ ಹೇಳುತ್ತೇವೆ. ಎರಡರಲ್ಲಿಯೂ ಕರ್ತೃ ನಾನಲ್ಲ. (ವಿದ್ಯಾರ್ಥಿಗಳು ವ್ಯಾಕರಣದ ಮೇಷ್ಟರನ್ನು ಕೇಳಿ ನೋಡಬಹುದು.)

ಸೊಪ್ಪಿನಬೆಟ್ಟದ ವ್ಯವಸ್ಥೆಯನ್ನು ಈ ಬೆಳಕಿನಲ್ಲಿ ನೋಡಿ. ಶಿರಸಿ, ಸಿದ್ದಾಪುರಗಳ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು. ನೆಲ ಸರಕಾರದ್ದು, ಸೊಪ್ಪು, ದರಕು ತೋಟಿಗನದು. ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಮರ ಬದುಕಿದ್ದರೆ ಮಾತ್ರ ಮುಂದಿನ ವರ್ಷದ ಸೊಪ್ಪು. ಇದನ್ನು ಹಕ್ಕೆನ್ನುವುದೋ ಋಣವೆನ್ನುವುದೋ? ಹಳೆಯ ‘ಆಗನ್’ ಇದ್ದಿದ್ದರೆ ಒಂದೇ ಪದ ಸಾಕಾಗುತ್ತಿತ್ತು.

ಆದರೆ ಬೆಟ್ಟ ಬೋಳಿಸಿ ತೋಟ ಹಿಗ್ಗಿಸಿದವರು ನಮ್ಮೊಳಗೂ ಇದ್ದಾರೆ. ಇಲಾಖೆಯನ್ನಷ್ಟೇ ದೂರಿದರೆ ಮಾತು ಅರ್ಧವಾದೀತು. 2006ರ ಅರಣ್ಯ ಹಕ್ಕು ಕಾಯಿದೆಯ ಪೀಠಿಕೆಯೇ ಹಕ್ಕಿನೊಳಗೆ ಹೊಣೆಯೂ ಸೇರಿದೆ ಎನ್ನುತ್ತದೆ. ಕಾಡು, ವನ್ಯಜೀವಿ, ಜಲಮೂಲಗಳನ್ನು ಕಾಯುವ ಅಧಿಕಾರವನ್ನು ಅದರ 5ನೆಯ ಕಲಮು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಡುತ್ತದೆ. ಅರ್ಜಿ ನಮೂನೆ ತುಂಬಲು ಕುಳಿತಾಗ ಆ ಕಲಮನ್ನೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ.