ಬೀಳುವ ಹಲ್ಲು ತಾನೆ?



"ಡಾಕ್ಟರೇ, ಹೇಗೂ ಬೀಳುವ ಹಲ್ಲು ತಾನೆ?" ಲಸಿಕೆಯ ದಿನವನ್ನು ಎಂದೂ ತಪ್ಪಿಸದ, ಅಮೆರಿಕದಲ್ಲಿ ನೆಲೆಸಿದ ನಮ್ಮ ವಿದ್ಯಾವಂತ ತಂದೆತಾಯಿಗಳ ಬಾಯಲ್ಲೂ ಈ ಮಾತನ್ನು ಕೇಳಿದ್ದೇನೆ. ಹಾಲುಹಲ್ಲುಗಳು ಒಟ್ಟು 20. ಅವುಗಳಲ್ಲಿ ಹಿಂದಿನ ದವಡೆಹಲ್ಲುಗಳು ಬೀಳುವುದು 10ರಿಂದ 12ನೆಯ ವಯಸ್ಸಿನಲ್ಲಿ. 3ನೆಯ ವಯಸ್ಸಿಗೇ ಹುಳುಕಾದ ಹಲ್ಲಿನೊಡನೆ ಮಗು ಏಳೆಂಟು ವರ್ಷ ಉಣ್ಣಬೇಕು, ನಿದ್ರಿಸಬೇಕು, ಪಾಠ ಕಲಿಯಬೇಕು. ಅಕಾಲದಲ್ಲಿ ಕಿತ್ತರೆ ಪಕ್ಕದ ಹಲ್ಲು ವಾಲಿ, ಶಾಶ್ವತ ಹಲ್ಲಿನ ಜಾಗವನ್ನು ಆಕ್ರಮಿಸುತ್ತದೆ.

ಹುಳುಕಿಗೆ ಹುಳು ಕಾರಣವಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಉತ್ಪಾದಿಸುವ ಆಮ್ಲವು ಹಲ್ಲಿನ ಎನಾಮೆಲನ್ನು ಕರಗಿಸುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆ. ಆದುದರಿಂದಲೇ ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದು ಬಹಳ ಹಾನಿಕರ. (ಊರಿನಿಂದ ಅಜ್ಜಿ ಬಂದಾಗ ಸಕ್ಕರೆಯ ಚಮಚ ದೊಡ್ಡದಾಗುವುದನ್ನೂ ಬಲ್ಲೆ!)

ಮಗುವಿನ ಮೇಲ್ದುಟಿಯನ್ನೆತ್ತಿ ನೋಡಿ. ಒಸಡಿನಂಚಿನಲ್ಲಿ ಸುಣ್ಣದಂತಹ ಬಿಳಿಗೆರೆ ಕಂಡರೆ ಹುಳುಕು ಆರಂಭವಾಗಿದೆಯೆಂದೇ ತಿಳಿಯಿರಿ. ಆ ಹಂತದಲ್ಲಿ ಫ್ಲೋರೈಡ್ ಲೇಪನದಿಂದ ಅದನ್ನು ತಡೆಯಲು ಸಾಧ್ಯ. ಕೋಲಾರದ ಕಡೆಯವರು ಫ್ಲೋರೈಡ್ ಎಂದೊಡನೆ ಬೆಚ್ಚುವುದು ಸಹಜವೇ. ಅಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಮೀರಿದೆ. ಆದರೆ 3 ವರ್ಷದೊಳಗಿನ ಮಗುವಿಗೆ ಬೇಕಾದ ಪೇಸ್ಟ್ ಅಕ್ಕಿಕಾಳಿನಷ್ಟು ಮಾತ್ರ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.